ಅತ್ತಿಗೆಯ ಸೀಟು, ನಾದಿನಿಯ ಸೀಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಹಿಂಬಾಗಿಲಿನಿಂದ ಬಿಸಿ ಬ್ರೆಡ್ಡಿನ ವಾಸನೆ ಓಣಿಗೆಲ್ಲ ಹರಡಿದೆ. ಗೋಡೆಗೆ ಒರಗಿಸಿದ ಸೈಕಲ್ಲುಗಳ ಪಕ್ಕದಲ್ಲಿ ಹೆಂಗಸರು ಟ್ರೇ ಜೋಡಿಸಿ, ಬಟ್ಟೆ ಹೊದಿಸಿ, ಹಗ್ಗ ಬಿಗಿಯುತ್ತಿದ್ದಾರೆ. ಅವರಲ್ಲೊಬ್ಬಳು ಹೊಸಬಳು. ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ. ಸೈಕಲ್ ತಳ್ಳಿಕೊಂಡು ಬರುವಾಗ ಎರಡೂ ಕಾಲು ಒಂದಕ್ಕೊಂದು ತಾಗದ ಹಾಗೆ ಅಗಲಿಸಿ ಹೆಜ್ಜೆ ಇಡುತ್ತಿದ್ದಾಳೆ.

"ಏನಾಯ್ತೇ?" ಅಂತ ಯಾರೋ ಕೇಳುತ್ತಾರೆ.

"ಕಾಲು ನೋವು" ಅನ್ನುತ್ತಾಳೆ ಅವಳು.

ಟ್ರೇ ಬಿಟ್ಟು ಎದ್ದು ಬಂದ ನಡುವಯಸ್ಸಿನ ಹೆಂಗಸು ಅವಳ ಕೈಯಿಂದ ಸೈಕಲ್ ತೆಗೆದುಕೊಂಡು, ಸೀಟಿನ ಮೇಲೆ ಅಂಗೈ ಒತ್ತಿ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿ ಹೇಳುತ್ತಾರೆ: "ನಾನೂ ಕಾಲು ನೋವು ಅಂತಲೇ ಹೇಳ್ತಿದ್ದೆ ಕಣಮ್ಮ. ಈ ಕಡೆ ಬಾ." ಹುಡುಗಿ ತಲೆ ತಗ್ಗಿಸಿಕೊಂಡು ಹಿಂದೆ ಹೋಗುತ್ತಾಳೆ.

ಇವರೇ ಬನ್ನಕ್ಕ. ಮನೆಮನೆಗೆ ಬನ್ನು, ಬ್ರೆಡ್ಡು ಹಾಕುವ ದಾರಿಯಲ್ಲಿ ಮಕ್ಕಳು ಇಟ್ಟ ಹೆಸರು ಅದು. ಈಗ ಬೇಕರಿಯ ಯಜಮಾನರೂ ಹಾಗೇ ಕರೆಯುತ್ತಾರೆ. ಬೆಳಗ್ಗೆ ಹೊರಟರೆ ನೂರಕ್ಕೂ ಹೆಚ್ಚು ಬಾಗಿಲು ಮುಗಿಸಿ ಬಿಸಿಲೇರುವ ಹೊತ್ತಿಗೆ ವಾಪಸು ಬರುತ್ತಾರೆ. ಆದರೆ ಇವರನ್ನು ಹುಡುಕಿಕೊಂಡು ಹೆಂಗಸರು ಓಣಿಗೆ ಬರುವುದು ಬನ್ನಿಗಲ್ಲ. ಸೈಕಲ್ ಹೊಡೆದೂ ಹೊಡೆದೂ ಕೂರಲಾಗದೆ, ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳಲೂ ಆಗದೆ ಒದ್ದಾಡುವವರು ಇಲ್ಲಿಗೆ ಬರುತ್ತಾರೆ. ಕಾಗದ ಹಂಚುವಾಕೆ, ಮನೆಮನೆಗೆ ಹೋಗಿ ರೋಗಿಗಳ ಗಾಯ ತೊಳೆಯುವ ನರ್ಸು, ದೂರದ ಶಾಲೆಗೆ ಹೋಗುವ ಟೀಚರು, ಎಲ್ಲರೂ. ಬನ್ನಕ್ಕ ಅವರ ಸೀಟು ಸರಿ ಮಾಡಿಕೊಡುತ್ತಾರೆ.

"ಇದನ್ನ ಸೇವೆ ಗೀವೆ ಅಂತ ಬರೀಬೇಡಿ" ಎಂದು ಮೊದಲೇ ಎಚ್ಚರಿಸುತ್ತಾರೆ. "ನಾನು ಕಲಿತಿದ್ದು ಹೊಟ್ಟೆಕಿಚ್ಚಿನಿಂದ."

ಆ ಹೊಟ್ಟೆಕಿಚ್ಚಿನ ಕಾರಣ ಅಲ್ಲೇ ಹತ್ತು ಹೆಜ್ಜೆ ಆಚೆ, ಆಗಲೇ ಕಲ್ಲಿನಂತೆ ಗಟ್ಟಿಯಾದ ಟಯರಿಗೆ ಮತ್ತೆ ಮತ್ತೆ ಗಾಳಿ ಹೊಡೆಯುತ್ತ, ನಮ್ಮ ಮಾತಿಗೆ ಕಿವಿ ಕೊಟ್ಟು ನಿಂತಿದೆ. ಅವರು ಬನ್ನಕ್ಕನ ನಾದಿನಿ, ಗಂಡನ ತಂಗಿ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರೂ ಬೇಕರಿಗೆ ಸೇರಿದ್ದು ಒಂದೇ ವಾರ.

ಬನ್ನಕ್ಕನ ಗಂಡ ಮನೆಗಳಿಗೆ ಬಣ್ಣ ಹೊಡೆಯುವವರು. ಮಗಳ ಕಾಲೇಜು ಶುರುವಾದಾಗ ಒಬ್ಬರ ದುಡಿಮೆ ಸಾಲದೆ ಬನ್ನಕ್ಕ ಕೆಲಸಕ್ಕೆ ಹೊರಟರು. ಚಿಕ್ಕಂದಿನಲ್ಲಿ ಸೈಕಲ್ ಕಲಿತಿದ್ದು ನೆನಪಿತ್ತು. ಆದರೆ ಮುಂದೆ ಟ್ರೇ ಭಾರ, ಕೆಳಗೆ ಹಳ್ಳ ಬಿದ್ದ ರಸ್ತೆ. ಎರಡು ವಾರ ಕಳೆಯುವುದರೊಳಗೆ ತೊಡೆಸಂದು ಉಜ್ಜಿ ಕೆಂಪಾಯಿತು. ಆಮೇಲೆ ಗುಳ್ಳೆಗಳೆದ್ದವು. ಮನೆಯಲ್ಲಿ ನಿಂತುಕೊಂಡೇ ಊಟ ಮಾಡತೊಡಗಿದರು.

"ಗಂಡನ ಹತ್ರ ಹೇಳೋಕೆ ನಾಚಿಕೆ. ಅತ್ತೆ ಹತ್ರ ಹೇಳೋಕೆ ಭಯ. ಸೀಟಿಗೆ ಸ್ಪಂಜು ಕಟ್ಟಿದೆ. ಅದರ ಮೇಲೆ ಟವೆಲ್ ಸುತ್ತಿದೆ. ಮೆತ್ತಗೆ ಮಾಡಿದಷ್ಟೂ ಒಳಗೆ ಹೂತು ಇನ್ನೂ ಉಜ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ."

ನಾದಿನಿಗೆ ಮಾತ್ರ ಏನೂ ಆಗಿರಲಿಲ್ಲ. ಅಷ್ಟೇ ದೂರದ ದಾರಿ, ಅಷ್ಟೇ ಭಾರ. ಹಾಡು ಗುನುಗುತ್ತ ಹೋಗಿ, ಹಾಡು ಗುನುಗುತ್ತ ಬರುತ್ತಿದ್ದರು. ಬಂದವರೇ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದರು.

"ಅವಳು ಹಾಗೆ ಕೂರೋದು ನೋಡಿದ್ರೆ ನನಗೆ ಮೈಯೆಲ್ಲ ಉರೀತಿತ್ತು. ಸುಳ್ಳು ಯಾಕೆ ಹೇಳ್ಲಿ. ಅವಳ ದುಡ್ಡಿಗಲ್ಲ, ಬಣ್ಣಕ್ಕಲ್ಲ, ಕೂರೋದಕ್ಕೆ ಹೊಟ್ಟೆಕಿಚ್ಚು. ಇಂಥದ್ದಕ್ಕೆಲ್ಲ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ? ನಾನು ಪಟ್ಟೆ." ಸಾಲದ್ದಕ್ಕೆ ಅತ್ತೆಯ ಮಾತು: "ನನ್ನ ಮಗಳನ್ನ ನೋಡು, ಒಂದು ದಿನ ಉಸ್ಸಂದಿಲ್ಲ."

ಗುಟ್ಟೆಲ್ಲ ಸೀಟಿನಲ್ಲೇ ಇದೆ ಅಂತ ಬನ್ನಕ್ಕನಿಗೆ ಅನ್ನಿಸಿತು. ನಾದಿನಿಯ ಸೀಟು ಹಳೆಯದು, ಗಟ್ಟಿ, ನೋಡಲು ಕುರೂಪಿ. ಆದರೂ ಅದರಲ್ಲೇನೋ ಇರಬೇಕು. ಒಂದು ಬೆಳಗ್ಗೆ ಎಲ್ಲರಿಗಿಂತ ಮೊದಲು ಓಣಿಗೆ ಬಂದು, ತಮ್ಮ ಸೀಟಿನ ಸ್ಪಂಜು, ಟವೆಲ್ಲು ಕಿತ್ತು, ಸ್ಪ್ಯಾನರ್ ಹಿಡಿದು, ಎರಡೂ ಸೈಕಲ್ಲಿನ ಸೀಟು ಅದಲುಬದಲು ಮಾಡಿಬಿಟ್ಟರು.

ಅವತ್ತು ಅರ್ಧ ದಾರಿಯಲ್ಲೇ ಕಣ್ಣಲ್ಲಿ ನೀರು ಬಂತು. ಆ ಸೀಟು ಬನ್ನಕ್ಕನಿಗೆ ತೀರಾ ಕಿರಿದು, ಜೊತೆಗೆ ಇವರು ಜೋಡಿಸಿದ್ದ ಎತ್ತರವೂ ತಪ್ಪು. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಮುಗಿಸಿ ಬಂದಾಗ ನಾದಿನಿ ಮೆಟ್ಟಿಲ ಮೇಲೆ ಇರಲಿಲ್ಲ. ಒಳಗೆ ಗೋಡೆ ಹಿಡಿದು ನಿಂತಿದ್ದರು. ಹಾಡಿಲ್ಲ. ಸಂಜೆ ಹೊರಗೆ ಬಂದು, ಅತ್ತಿಗೆಯ ಕಣ್ಣೆದುರಿಗೇ ಎರಡೂ ಸೀಟು ಬಿಚ್ಚಿ ಮೊದಲಿನ ಹಾಗೆ ಹಾಕಿ ಒಳಗೆ ಹೋದರು. ಒಂದು ಮಾತೂ ಕೇಳಲಿಲ್ಲ.

"ಬೈದಿದ್ರೆ ಹಗುರಾಗ್ತಿತ್ತು" ಎನ್ನುತ್ತಾರೆ ಬನ್ನಕ್ಕ.

ಮುಂದಿನ ವಾರ ಗುಳ್ಳೆಯೊಂದು ಕೀವು ಕಟ್ಟಿಕೊಂಡು ಜ್ವರ ಬಂತು. ಕ್ಲಿನಿಕ್ಕಿನ ಡಾಕ್ಟರಮ್ಮ ಕೊಯ್ದು ಕೀವು ತೆಗೆದು, ಗಾಯ ಪೂರ್ತಿ ಮಾಯುವವರೆಗೆ ಸೈಕಲ್ ಮುಟ್ಟಕೂಡದು ಎಂದರು. ಬನ್ನಕ್ಕನ ದಾರಿಯನ್ನೂ ನಾದಿನಿಯೇ ವಹಿಸಿಕೊಂಡರು. ಕಿಟಕಿಯ ಪಕ್ಕ ಬೋರಲು ಮಲಗಿದ್ದ ಬನ್ನಕ್ಕನಿಗೆ ಬೆಳಗಾದರೆ ಹೊರಗೆ ಆ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಯಾವ ಮನೆಯಲ್ಲಿ ನಾದಿನಿಯನ್ನು ಹೊಗಳಿದರು, ಯಾರು ಹೊಸದಾಗಿ ಬ್ರೆಡ್ಡು ಹಾಕಲು ಹೇಳಿದರು ಎಂಬ ವರದಿಯನ್ನು ಅತ್ತೆ ಊಟದ ತಟ್ಟೆಯ ಜೊತೆಗೇ ತಂದು ಕೊಡುತ್ತಿದ್ದರು.

ಒಂದು ದಿನ ಆ ವರದಿಯಲ್ಲಿ ಇನ್ನೊಂದು ಸುದ್ದಿ ಇತ್ತು. ಎರಡೂ ದಾರಿಯನ್ನು ನಾದಿನಿಯೇ ಇಟ್ಟುಕೊಳ್ಳಲಿ ಅಂತ ಯಜಮಾನರು ಹೇಳಿದ್ದಾರಂತೆ.

ಬನ್ನಕ್ಕ ಎದ್ದರು. ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ ಪಕ್ಕದ ಮನೆಗೆ ಹೋದರು. "ನನ್ನ ದಾರಿ ನುಂಗೋಕೆ ಕಾಯ್ತಿದ್ದೆಯಾ?" ಅಂತ ಬಾಗಿಲಲ್ಲೇ ಕೇಳಿದರು.

ನಾದಿನಿ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟರು. "ಕೂತ್ಕೊಳ್ಳಿ ಅತ್ತಿಗೆ" ಎಂದರು.

"ಕೂರೋಕಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಅದಕ್ಕೆ ನಾದಿನಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಆಮೇಲೆ ಬಂದ ಮಾತನ್ನು ಬನ್ನಕ್ಕ ಇವತ್ತಿಗೂ ಒಂದಕ್ಷರ ಬಿಡದೆ ಹೇಳುತ್ತಾರೆ: "ನನಗೂ ಮೊದಲ ವಾರ ಹೀಗೇ ಆಗಿತ್ತು ಅತ್ತಿಗೆ. ಮೂಲೆ ಅಂಗಡಿ ಸೈಕಲ್ ತಾತ ನಾನು ಓಡಿಸೋದು ನೋಡಿ, ಕರೆದು ಸೀಟು ಇಳಿಸಿ ಕೊಟ್ಟ. ಬೇರೆ ಸೀಟು ಹಾಕಿದ. ವಾಸಿಯಾಯ್ತು. ನಿಮಗೆ ಬೇಕಂತಲೇ ಹೇಳಲಿಲ್ಲ."

"ಯಾಕೆ?"

"ಅಮ್ಮ ದಿನಾ ನನ್ನ ಮುಂದೆ ನಿಮ್ಮನ್ನೇ ಹೊಗಳ್ತಾಳೆ. ನನ್ನ ಸೊಸೆ ನೋಡು, ಎಷ್ಟು ಅಚ್ಚುಕಟ್ಟು, ಎಷ್ಟು ಮರ್ಯಾದೆ ಅಂತ. ಹೆತ್ತ ಮಗಳು ನಾನು. ನಿಮಗಿಂತ ಒಂದರಲ್ಲಾದ್ರೂ ನಾನು ಮುಂದಿರಲಿ ಅನ್ನಿಸ್ತು. ಇದೊಂದೇ ಇತ್ತು ನನ್ನ ಹತ್ರ."

ಅತ್ತೆ ತನ್ನ ಮುಂದೆ ದಿನಾ ಮಗಳನ್ನೇ ಹೊಗಳುತ್ತಿದ್ದುದನ್ನು ಬನ್ನಕ್ಕ ಹೇಳಿದರಂತೆ. ಆಮೇಲೆ ಇಬ್ಬರೂ ಸೇರಿ ಅತ್ತೆಯನ್ನು ವಿಚಾರಿಸಿಕೊಳ್ಳಲು ಹೋದರು. ಆ ಹಿರಿಯ ಜೀವ ಕಣ್ಣು ಪಿಳುಕಿಸದೆ ಹೇಳಿತು: "ಎದುರಿಗೇ ಹೊಗಳಿದ್ರೆ ತಲೆ ಮೇಲೆ ಕೂರ್ತೀರಿ. ಅದಕ್ಕೆ ಹಿಂದಿನಿಂದ ಹೊಗಳಿದೆ. ತಪ್ಪಾ?"

"ಅಪ್ಪಿಕೊಂಡು ಒಂದಾದೆವು ಅಂತ ಬರೀಬೇಡಿ" ಎಂದು ಬನ್ನಕ್ಕ ಮತ್ತೆ ಎಚ್ಚರಿಸುತ್ತಾರೆ. "ಅವಳು ಹೇಳದೆ ಇದ್ದಿದ್ದಕ್ಕೆ ನನ್ನ ಮೈಮೇಲೆ ಕೊಯ್ದ ಗುರುತಿದೆ. ಅದನ್ನ ಮರೆಯೋಕಾಗಲ್ಲ. ಆದ್ರೆ ಮಾರನೇ ದಿನ ಅವಳೇ ಹೋಗಿ ಯಜಮಾನರಿಗೆ ಹೇಳಿದಳು, ಅತ್ತಿಗೆ ಬರ್ತಾರೆ, ದಾರಿ ಅವರದ್ದು ಅಂತ. ಅದನ್ನೂ ಮರೆಯೋಕಾಗಲ್ಲ."

ಗಾಯ ವಾಸಿಯಾದ ಮೇಲೆ ಬನ್ನಕ್ಕ ಸೈಕಲ್ ತಾತನ ಅಂಗಡಿಗೆ ಹೋದರು. ಸೀಟು ಸರಿ ಮಾಡಿಸಿಕೊಂಡಿದ್ದಷ್ಟೇ ಅಲ್ಲ, ಕೆಲಸ ಕಲಿಸು ಅಂತ ಪಟ್ಟು ಹಿಡಿದು ಕೂತರು. ನಾದಿನಿಗೆ ಗೊತ್ತಿರುವುದಕ್ಕಿಂತ ಒಂದು ಕೈ ಹೆಚ್ಚು ತನಗೆ ಗೊತ್ತಿರಬೇಕು, ಅಷ್ಟೇ ಆಸೆ. ತಾತ ಬೇಜಾರಿಲ್ಲದೆ ಕಲಿಸಿದರು. "ಹೆಂಗಸರ ನೋವು ನನಗೆ ಕಾಣುತ್ತೆ. ಕೇಳೋದು ಹೇಗೆ? ನೀನು ಕೇಳಬಹುದು" ಎಂದರಂತೆ. ಬಟ್ಟೆಯ ಬಗ್ಗೆ, ಗಾಯದ ಬಗ್ಗೆ ಡಾಕ್ಟರಮ್ಮ ಹೇಳಿಕೊಟ್ಟರು.

ಈಗ ಓಣಿಯಲ್ಲಿ ಅದೇ ನಡೆಯುತ್ತಿದೆ. ಹೊಸ ಹುಡುಗಿಯನ್ನು ಒಂದು ಸುತ್ತು ನಿಧಾನ ಓಡಿಸಲು ಹೇಳಿ, ಬನ್ನಕ್ಕ ಹಿಂದಿನಿಂದ ನೋಡುತ್ತಾರೆ. ಪೆಡಲ್ ಕೆಳಗೆ ಹೋದಾಗಲೆಲ್ಲ ಅವಳ ಸೊಂಟ ಆ ಕಡೆ ಈ ಕಡೆ ವಾಲುತ್ತಿದೆ. ಸೀಟು ಎತ್ತರವಾಯಿತು ಅಂತ ಅರ್ಥ. ಇಳಿಸುತ್ತಾರೆ. ಮೇಲಕ್ಕೆ ಎದ್ದಿದ್ದ ಸೀಟಿನ ಮೂತಿಯನ್ನು ನೆಲಕ್ಕೆ ಸಮವಾಗಿಸುತ್ತಾರೆ. ಸಾಮಾನಿನ ಕೋಣೆಯೊಳಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಹಾಸಿದ ರಟ್ಟಿನ ಮೇಲೆ ಕೂರಿಸುತ್ತಾರೆ. ಎದ್ದಾಗ ರಟ್ಟಿನಲ್ಲಿ ಕೂರುವ ಮೂಳೆಗಳ ಎರಡು ಗುಳಿ ಮೂಡಿರುತ್ತವೆ. ಆ ಅಗಲಕ್ಕೆ ಸೀಟು ಸಾಲುತ್ತದೋ ಇಲ್ಲವೋ ಅಂತ ಅಳೆದು ನೋಡುತ್ತಾರೆ.

"ಪ್ಯಾಂಟಿನ ದಪ್ಪ ಹೊಲಿಗೆಗಳೆಲ್ಲ ಸರಿಯಾಗಿ ಕೂರೋ ಜಾಗದಲ್ಲೇ ಬಂದು ಸೇರುತ್ತವೆ" ಎನ್ನುತ್ತ ಒಂದು ಹಳೆ ಪ್ಯಾಂಟು ತಿರುಗಿಸಿ ತೋರಿಸುತ್ತಾರೆ. "ಇದನ್ನ ಬಿಚ್ಚಿಸಿ ಇಲ್ಲಿಗೊಂದು ತುಂಡು ಬಟ್ಟೆ ಕೊಡಿಸಬೇಕು. ಮನೆಗೆ ಹೋದ ತಕ್ಷಣ ಬೆವರಿನ ಬಟ್ಟೆ ಬಿಚ್ಚಿ, ತೊಳೆದು ಒರೆಸಿಕೊಳ್ಳಬೇಕು. ದಾರೀಲಿ ಹಳ್ಳ ಬಂದ್ರೆ ಪೆಡಲ್ ಮೇಲೆ ಎದ್ದು ನಿಲ್ಲಬೇಕು. ಗುಳ್ಳೆ ಇದ್ರೆ ಮಾತ್ರ ನಾನು ಸೀಟು ಮುಟ್ಟೋದಿಲ್ಲ. ಮೊದಲು ಡಾಕ್ಟರಮ್ಮನ ಹತ್ರ ಕಳಿಸ್ತೀನಿ."

ಹುಡುಗಿ ಮತ್ತೊಂದು ಸುತ್ತು ಹೋಗಿ ಬರುತ್ತಾಳೆ. ಈ ಸಲ ಇಳಿಯುವ ಅವಸರ ಕಾಣುವುದಿಲ್ಲ.

ಹೊಟ್ಟೆಕಿಚ್ಚು ಈಗ ಆರಿದೆಯೇ ಎಂದು ಕೇಳುತ್ತೇನೆ. "ಎಲ್ಲಿ ಆರುತ್ತೆ? ಹೋದ ತಿಂಗಳು ಯಜಮಾನರು ಅವಳಿಗೆ ಹೊಸ ಸೈಕಲ್ ಕೊಟ್ಟರು, ನನಗೆ ಹಳೇದೇ. ಎರಡು ದಿನ ಊಟ ಸೇರಲಿಲ್ಲ" ಎನ್ನುತ್ತಾರೆ. ಆಚೆಯಿಂದ, ಪಂಪು ಬಿಡದೆಯೇ, ನಾದಿನಿ ಮೊದಲ ಬಾರಿಗೆ ಬಾಯಿ ತೆರೆಯುತ್ತಾರೆ: "ಪೇಪರಿನವರು ಯಾರನ್ನ ಹುಡುಕಿಕೊಂಡು ಬಂದಿದ್ದು ಅಂತ ಅದನ್ನೂ ಹೇಳಿ ಅತ್ತಿಗೆ. ಇವತ್ತು ನನಗೆ ಊಟ ಸೇರಲ್ಲ."

ಹೊರಡುವ ಹೊತ್ತಾಗಿದೆ. ನನ್ನ ಜೊತೆ ಬಂದ ಫೋಟೋಗ್ರಾಫರು ಬನ್ನಕ್ಕನನ್ನು ಸೈಕಲ್ ಹಿಡಿದು ನಿಲ್ಲಲು ಹೇಳುತ್ತಾರೆ. ಬನ್ನಕ್ಕ ತಲೆಗೂದಲು ಸರಿಮಾಡಿಕೊಂಡು ನಿಲ್ಲುತ್ತಾರೆ. ನಾದಿನಿ ಪಂಪು ಕೆಳಗಿಟ್ಟು, ನೋಡಿಯೂ ನೋಡದವರಂತೆ ಟ್ರೇಯ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಕ್ಯಾಮೆರಾ ಮೇಲೇಳುತ್ತಿದ್ದಂತೆ ಬನ್ನಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ತಡೀರಿ, ಅವಳೂ ಬರಲಿ" ಎನ್ನುತ್ತಾರೆ. ನಾದಿನಿ ಕೈ ಒರೆಸಿಕೊಂಡು ಬಂದು ಪಕ್ಕಕ್ಕೆ ನಿಂತಾಗ, ಬನ್ನಕ್ಕ ತಿರುಗಿ ಒಮ್ಮೆ ಅಳೆದು ನೋಡಿ ಹೇಳುತ್ತಾರೆ:

"ಅಲ್ಲಲ್ಲ. ಒಂದು ಹೆಜ್ಜೆ ಹಿಂದೆ."