ದೊಡ್ಡಪ್ಪನ ಬಂದೂಕಿನ ಹಿತ್ತಾಳೆ ಪಟ್ಟಿ

ತಿರ್ಲಾಪುರದ ನಾವು ಹುಡುಗಿಯರೆಲ್ಲ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು, ಲಂಗದ ಮಡಿಲಲ್ಲಿ ಸುಲಗಾಯಿ ತುಂಬಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲವದು. ಹಸಿ ಕಡಲೆಯ ಹುಳಿಗೆ ತುಟಿ ಒಡೆದು ಉರಿಯುತ್ತಿತ್ತು. ಆದರೆ ನನಗೆ ಹನ್ನೊಂದು ತುಂಬಿದ ವರ್ಷದ ಸುಗ್ಗಿಯನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಎಣ್ಣೆ ಹಚ್ಚಿದ ಕಬ್ಬಿಣದ ವಾಸನೆ.

ಅದು ನಮ್ಮ ದೊಡ್ಡಪ್ಪನ ಬಂದೂಕಿನ ವಾಸನೆ. ಹಳೇ ಕಾಲದ ಫೌಜಿನ ರೈಫಲ್ಲು. ಮುತ್ತಜ್ಜ ಕೊಂಡದ್ದಂತೆ. ಲೈಸನ್ಸು ತಲೆಮಾರು ದಾಟಿ ದೊಡ್ಡಪ್ಪನ ಹೆಸರಿಗೆ ಬಂದಿತ್ತು. ಅದಕ್ಕೆ ತುಂಬುವ ತೋಟಾ-ಗುಂಡು ಸಿಗುವುದೇ ನಿಂತುಹೋಗಿತ್ತು. ದೊಡ್ಡಪ್ಪ ಅದನ್ನು ತಿರುಗಿಸಿ ಹಿಡಿದು ಬಡಿಗೆಯಂತೆ ಬಳಸುತ್ತಿದ್ದ. ಹಿಂಬದಿಯ ಕಟ್ಟಿಗೆಯ ತುದಿಗೆ ಬಡಿದಿದ್ದ ಹಿತ್ತಾಳೆ ಪಟ್ಟಿಯಿಂದ ಒಂದು ಹೋರಿಯ ಹಲ್ಲು ಉದುರಿದ್ದವು, ಒಬ್ಬ ಆಳಿನ ಪಕ್ಕೆಲುಬು ಮುರಿದಿತ್ತು.

ಹೆತ್ತವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವ. ದೊಡ್ಡಪ್ಪನಿಗೂ ನನ್ನ ಮೇಲೆ ಜೀವ. ಸಂತೆಗೆ ಹೋದರೆ ನನಗೆಂದೇ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ.

ಕಡಲೆ ರಾಶಿಯ ಮಧ್ಯಾಹ್ನ ಕುರಿಗಾರರ ಬಾಣಂತಿಯೊಬ್ಬಳು ಕಾಳು ಕೇಳಿಕೊಂಡು ಅಂಗಳಕ್ಕೆ ಬಂದಳು. ದೊಡ್ಡವ್ವ ಅವಳಿಗೆ ಒಂದು ಮೊರ ಕಡಲೆ ಸುರುವುತ್ತಿದ್ದಾಗ ದೊಡ್ಡಪ್ಪ ಬಂದೂಕು ಹಿಡಿದು ಕಣದಿಂದ ಬಂದ.

"ನಿಮ್ಮಪ್ಪ ಬೆಳದದ್ದೇನ ಹಂಚಾಕ?"

ಅಷ್ಟೇ ಮಾತು. ಮೊದಲ ಏಟು ದೊಡ್ಡವ್ವನ ತಲೆಗೆ ಬಿತ್ತು. ಎರಡನೆಯದು ತಪ್ಪಿ ಬೀಸುಗಲ್ಲಿಗೆ ಬಡಿಯಿತು. ಅಂಗಳದಲ್ಲಿ ಚೆಲ್ಲಿದ ಕಡಲೆ ಕೆಂಪಾಯಿತು. ನಾನು ಅರಿಶಿಣದ ಡಬ್ಬಿ ತಂದು ಗಾಯಕ್ಕೆ ಒತ್ತುತ್ತಿದ್ದರೆ, ದೊಡ್ಡಪ್ಪ ಬಂದೂಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಪಟ್ಟಿ ಸಡ್ಲಾತಲ್ಲ" ಎಂದ.

ಮರುದಿನ ಮುಂಜಾನೆ ಅದರ ರಿಪೇರಿಗೆ ಹೊರಟಾಗ, ಬೈಕಿನ ಹಿಂದೆ ಬಂದೂಕು ಹಿಡಿದು ಕೂರಲು ನನ್ನನ್ನೇ ಕರೆದುಕೊಂಡ. ಅಣ್ಣಿಗೇರಿಯ ಹುಸೇನಸಾಬ್ ಕಾಕಾ ಬಡಿಗತನದಲ್ಲಿ ಹೆಸರಾದವರು. ಅವರ ಅಂಗಡಿಯ ಬಾಗಿಲಿನ ಚೌಕಟ್ಟಿನ ಮೇಲೆ ಅವರೇ ಕೆತ್ತಿದ ಬಳ್ಳಿಯನ್ನು ಮುಟ್ಟಿ ನೋಡಬೇಕು ಅನ್ನಿಸುತ್ತಿತ್ತು. ಕಾಕಾ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು.

"ಪಟ್ಟಿ ಸವದೈತ್ರಿ ಗೌಡ್ರ, ತೂತೂ ಅಗಲ ಆಗ್ಯಾವು. ತೂತಿಗೆ ಸೀಸಂ ಕಟ್ಟಿಗಿ ಬೆಣಿ ಹೊಡದು, ಹೊಸಾ ಪಟ್ಟಿ ಕೂಡಸ್ತೀನಿ."

ಸ್ಕ್ರೂ ಬಿಚ್ಚಿ ಪಟ್ಟಿಯನ್ನು ಎತ್ತಿದವರ ಕೈ ನಿಂತಿತು. ಕಟ್ಟಿಗೆಗೂ ಹಿತ್ತಾಳೆಗೂ ನಡುವೆ ಒಣಗಿದ ರಕ್ತ, ಅದರೊಳಗೆ ಉದ್ದನೆಯ ಕೂದಲು. ಕಾಕಾ ಅದನ್ನು ಎರಡು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದರು.

"ಇದ್ಯಾರದ್ರಿ?"

"ಎಮ್ಮೀದಿರಬೇಕು, ಬಿಡ್ರಿ."

"ಎಮ್ಮಿ ಕೂದಲಾ ಇಷ್ಟುದ್ದ ಇರತೈತೇನ್ರಿ?"

ನನಗೆ ತಡೆಯಲಾಗಲಿಲ್ಲ. "ನಮ್ಮ ದೊಡ್ಡವ್ವಂದ್ರಿ ಕಾಕಾ. ನಿನ್ನೆ ಹೊಡದಾನ್ರಿ."

ದೊಡ್ಡಪ್ಪನ ಕೈ ನನ್ನ ಬಾಯಿಗೆ ಅಪ್ಪಳಿಸಿತು. ನಾಲಿಗೆಗೆ ಉಪ್ಪುಪ್ಪು ಹತ್ತಿತು. ಅಲ್ಲಿಯವರೆಗೆ ಅವನು ನನ್ನನ್ನು ಒಮ್ಮೆಯೂ ಹೊಡೆದಿರಲಿಲ್ಲ.

ಕಾಕಾ ಎದ್ದು ನಿಂತರು. "ಇದನ್ನ ನಾ ರಿಪೇರಿ ಮಾಡಂಗಿಲ್ಲ. ತಗೊಂಡು ಹೋಗ್ರಿ."

ದೊಡ್ಡಪ್ಪ ನಳಿಗೆ ಹಿಡಿದು ಬಂದೂಕನ್ನು ಕಸಿದುಕೊಂಡ. "ಮನಿ ಮಾತು ಬೀದಿಗಿ ತರ್ತೀಯೇನಬೇ?" ಎಂದು ನನ್ನ ಮೇಲೆ ಬೀಸಿದ. ಕಾಕಾ ಬಲಗೈ ಅಡ್ಡ ಚಾಚಿದರು. ಹಸಿ ಜೋಳದ ದಂಟು ಮುರಿದಂತಹ ಸದ್ದು. ಮಣಿಕಟ್ಟು ತಿರುಚಿ ಜೋತುಬಿತ್ತು. ಇನ್ನೊಮ್ಮೆ ಬೀಸಿದಾಗ ನಾನು ಕೆಳಗೆ ಕುಸಿದೆ. ಬಂದೂಕು ಬಾಗಿಲ ಬುಡದ ಅಡಿಗಲ್ಲಿಗೆ ಬಡಿದು, ಕಟ್ಟಿಗೆ ನಳಿಗೆಗೆ ಕೂಡುವ ಕುತ್ತಿಗೆಯಲ್ಲೇ ಸೀಳಿತು. ಅಷ್ಟರಲ್ಲಿ ಬಾಜು ಅಂಗಡಿಯವರು ಓಡಿಬಂದು ದೊಡ್ಡಪ್ಪನನ್ನು ನೆಲಕ್ಕೆ ಕೆಡವಿ ಒದ್ದರು. ಅವನ ಮೂಗಿನಿಂದ ರಕ್ತ ಸುರಿಯುವುದನ್ನು ನೋಡಿ ನನಗೆ ಸಂತೋಷವಾಯಿತು. ಆಮೇಲೆ ಅಳು ಬಂತು.

ಪೊಲೀಸರು ಅವನನ್ನೂ ಬಂದೂಕಿನ ಕಬ್ಬಿಣವನ್ನೂ ಒಯ್ದರು. ಮುರಿದ ಕಟ್ಟಿಗೆಯ ತುಂಡು ಯಾರಿಗೂ ಬೇಡವಾಗಿತ್ತು. ನಾನು ಅದನ್ನು ಎತ್ತಿಕೊಂಡು ಟಂಟಂ ಆಟೋ ಹತ್ತಿ ಮನೆಗೆ ಬಂದೆ. ದೊಡ್ಡವ್ವ ಎಲ್ಲ ಕೇಳಿದಳು. ಕಾಕಾನ ಕೈಯ ಸುದ್ದಿಯನ್ನು ಎರಡು ಸಲ ಹೇಳಿಸಿಕೊಂಡಳು. ತುಂಡನ್ನು ಬಚ್ಚಲ ಒಲೆಯ ಬಾಜು ಇಟ್ಟಳು.

ಮೂರನೇ ದಿನ ದೊಡ್ಡಪ್ಪ ಬಿಡುಗಡೆಯಾಗಿ ಬಂದ. "ಕಟ್ಟಿಗಿ ಎಲ್ಲಿ?" ಎಂದ.

"ನೀರು ಕಾಯಾಕತ್ತಾವು. ಜಳಕಾ ಮಾಡು."

ಒಲೆಯೊಳಗೆ ಅದು ಉರಿಯುವುದನ್ನು ಕಂಡು ಅವನು ಕೈ ಎತ್ತಿದ. ದೊಡ್ಡವ್ವ ಉರಿಯುವ ತುಂಡನ್ನು ಎಳೆದು ಅವನ ಅಂಗೈಗೆ ಒತ್ತಿದಳು. ಚರ್ಮ ಚುರ್ ಎಂದಿತು. ಅವನು ಚೀರಿದ.

"ಇನ್ನೊಮ್ಮಿ ಕೈ ಎತ್ತಿದ್ರ ಮುಖಕ್ಕ ಇಡ್ತೀನಿ" ಎಂದಳು. ಅವಳ ದನಿ ಏರಲಿಲ್ಲ. ಅವನು ಸಾಯುವತನಕ ಮತ್ತೆ ಕೈ ಎತ್ತಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ.

ಕಾಕಾನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಉಳಿ ಹಿಡಿಯಲಾಗಲಿಲ್ಲ. ಈಗ ಅವರ ಮಗ ಅದೇ ಜಾಗದಲ್ಲಿ ಪ್ಲೈವುಡ್ ಬಾಗಿಲು ಮಾರುತ್ತಾನೆ. ಹೋದ ತಿಂಗಳು ಹೋಗಿದ್ದೆ. ಕಾಕಾ ಎಡಗೈಯಿಂದ ಚಹಾ ಕೊಟ್ಟರು.

"ಅವತ್ತು ನಾ ಬಾಯಿ ಮುಚ್ಕೊಂಡಿದ್ರ ನಿಮ್ಮ ಕೈ ಉಳೀತಿತ್ತಲ್ರಿ ಕಾಕಾ?"

ಅವರು ಸಮಾಧಾನ ಹೇಳಲಿಲ್ಲ. "ಉಳೀತಿತ್ತವಾ" ಎಂದರು. ಸೊಟ್ಟ ಮಣಿಕಟ್ಟನ್ನು ನೋಡಿಕೊಂಡು, "ನೀ ಹೇಳಿದ್ದು ಛಲೋ ಆತು. ಎರಡೂ ಖರೇನ" ಎಂದರು.

ಅಲ್ಲಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ದಾರಿಯುದ್ದಕ್ಕೂ ಹೊಸ ಮನೆಗಳು. ಬಳ್ಳಿ ಕೆತ್ತಿದ್ದು ಸಿಕ್ಕೀತೇ ಎಂದು ಒಂದೊಂದು ಬಾಗಿಲನ್ನೂ ನೋಡುತ್ತ ಹೋದೆ. ಎಲ್ಲ ನುಣುಪು, ಎಲ್ಲ ಬರಿದು.