ನನ್ನ ಅರವತ್ತು, ಗಡಿಯಾರದ ಅರವತ್ತು

ಅವರ ಗಡಿಯಾರ ಎದೆಯ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು. ಬಿಳಿ ಸೀರೆಯ ಸೆರಗಿಗೊಂದು ಪಿನ್ನು, ಪಿನ್ನಿಗೊಂದು ಗಿಡ್ಡ ಸರಪಳಿ, ಅದರ ತುದಿಗೆ ರೂಪಾಯಿಗಿಂತ ತುಸು ದೊಡ್ಡದಾದ ಗಡಿಯಾರ. ಎದುರು ನಿಂತವರಿಗೆ ಹನ್ನೆರಡು ಕೆಳಗೆ, ಆರು ಮೇಲೆ. ತಲೆ ಬಗ್ಗಿಸಿ ನೋಡುವ ಅವರಿಗೆ ಮಾತ್ರ ನೆಟ್ಟಗೆ. ಜೇವರ್ಗಿಯ ದವಾಖಾನೆಗೆ ಬಂದ ಹಳ್ಳಿಯ ಹೆಂಗಸರು ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಮೊದಲ ದಿನ ನಗಲಿಲ್ಲ. ಅಂದು ನನ್ನ ಮಡಿಲಲ್ಲಿ ಎಷ್ಟು ಅಲುಗಿಸಿದರೂ ಏಳದ ಕೂಸಿತ್ತು.

ಎಲ್ಲರೂ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದರು. ಆಳಂದದವರು. ಗಂಡ ತೀರಿದ ಮೇಲೆ ಗುಲ್ಬರ್ಗಾದಲ್ಲಿ ಹೆರಿಗೆಯ ಕೆಲಸ ಕಲಿತು ಸರಕಾರಿ ನೌಕರಿ ಹಿಡಿದಿದ್ದರು. ಮನೆಮಾತು ಉರ್ದು. ಕನ್ನಡವನ್ನು ಬಾಣಂತಿಯರ ಬಾಯಿಂದಲೇ ಕಲಿತದ್ದರಿಂದ ಅದರಲ್ಲಿ ಜೋಗುಳವೂ ಇತ್ತು, ಹೆರಿಗೆ ನೋವಿನ ಬೈಗುಳವೂ ಇತ್ತು. ಎರಡನ್ನೂ ಅವರು ಒಂದೇ ದನಿಯಲ್ಲಿ ಆಡುತ್ತಿದ್ದರು.

ಆ ಕೂಸು ನನ್ನ ಎರಡನೆಯದು. ಮೊದಲನೆಯದು ನಾಲ್ಕು ತಿಂಗಳಿಗೆ ತೊಟ್ಟಿಲಲ್ಲೇ ತೀರಿಕೊಂಡಿತ್ತು. ಯಾವಾಗ ಉಸಿರು ನಿಂತಿತೋ ತಿಳಿಯದೆ ನಾನು ತೂಗುತ್ತಲೇ ಇದ್ದೆ. ಹಾಗಾಗಿ ಎರಡನೆಯವನು ಹುಟ್ಟಿದ ಗಳಿಗೆಯಿಂದ ನನಗೆ ಒಂದೇ ಧ್ಯಾನ. ನಾಲ್ಕು ರೊಟ್ಟಿ ಬಡಿದರೆ ಒಮ್ಮೆ ಎದ್ದು ಹೋಗಿ ಅವನ ಮೂಗಿನ ಕೆಳಗೆ ಬೆರಳಿಡುತ್ತಿದ್ದೆ. ಉಸಿರು ತಾಗಿದರೂ ನಂಬಿಕೆ ಬಾರದೆ ಇನ್ನೊಮ್ಮೆ ಇಡುತ್ತಿದ್ದೆ. ಎದೆ ಢವಗುಟ್ಟಿ, ಕೈಕಾಲು ತಣ್ಣಗಾಗಿ, ಈಗಲೇ ನನ್ನ ಪ್ರಾಣವೂ ಹೋಗುತ್ತದೆ ಎನಿಸುತ್ತಿತ್ತು. ಅತ್ತೆ ದರ್ಗಾದ ತಾಯಿತ ಕಟ್ಟಿಸಿದರು, ಗುಡಿಯ ಭಂಡಾರ ಹಚ್ಚಿಸಿದರು. ನನಗೆ ಗಾಳಿ ಸೋಕಿದೆ ಎಂದು ನಮ್ಮೂರು ಕೊಳಕೂರಿನ ತುಂಬ ಮಾತಾಯಿತು. ದಿನವೂ ರೊಟ್ಟಿ ಸೀಯುತ್ತಿದ್ದವು.

ಕಳೆ ತೆಗೆಯಲು ಹೊರಟ ತಾಯಿ ಕೂಸಿಗೆ ಸಾಸಿವೆ ಕಾಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ನೆಕ್ಕಿಸುವುದು ಆಗ ನಮ್ಮ ಕಡೆ ಕಾಡಿಗೆ ಹಚ್ಚಿದಷ್ಟೇ ಸಹಜವಾಗಿತ್ತು. ಹೊಲದ ಬದುವಿನಲ್ಲಿ ಕೂಸು ಮಲಗಿರುತ್ತದೆ, ಕೆಲಸ ಸಾಗುತ್ತದೆ. ಅತ್ತೆ ತಮ್ಮ ಐದು ಮಕ್ಕಳಿಗೂ ಕೊಟ್ಟವರು, ನನಗೂ ಕೊಡಲು ಕಲಿಸಿದರು. ನೆಕ್ಕಿಸಿದ ಕಿರುಬೆರಳಿನಲ್ಲಿ ಉಳಿದದ್ದನ್ನು ಒಂದು ದಿನ ನಾನೂ ನೆಕ್ಕಿದೆ. ಎದೆ ಸುಮ್ಮನಾಯಿತು. ಆ ಸುಖವನ್ನು ಈಗಲೂ ಸುಳ್ಳೆನ್ನಲಾರೆ. ಬೆರಳಿನ ಉಳಿಕೆ ಸಾಲದಾಗಿ ಸಾಸಿವೆ ಕಾಳಿನಷ್ಟಾಯಿತು, ಆಮೇಲೆ ತೊಗರಿ ಬೇಳೆಯಷ್ಟಾಯಿತು. ಕೂಸಿನ ಹೆಸರು ಹೇಳಿ ತರಿಸುತ್ತಿದ್ದೆ. ಯಾರ ಉಸಿರಿಗಾಗಿ ಹೆದರಿ ತಿನ್ನುತ್ತಿದ್ದೆನೋ, ಅವನ ಉಸಿರನ್ನೇ ಅದು ಕುಗ್ಗಿಸುತ್ತದೆಂಬ ಅರಿವು ನನಗಿರಲಿಲ್ಲ. ಒಂದು ಮುಂಜಾನೆ ಅತ್ತೆ ಕೊಟ್ಟದ್ದು ಗೊತ್ತಿಲ್ಲದೆ ನಾನೂ ಕೊಟ್ಟೆ. ಕೂಸು ಏಳಲಿಲ್ಲ. ಬಂಡಿ ಕಟ್ಟಿ ಜೇವರ್ಗಿಗೆ ಹೊಡೆದೆವು.

ನರ್ಸಬಾಯಿ ಅವನ ರೆಪ್ಪೆ ಎತ್ತಿ ನೋಡಿದರು, ಅಂಗಾಲಿಗೆ ಪಟಪಟ ಹೊಡೆದರು, ಡಾಕ್ಟರನ್ನು ಕೂಗಿದರು. ಡಾಕ್ಟರು ಔಷಧಿ ಕೊಟ್ಟ ಎಷ್ಟೋ ಹೊತ್ತಿನ ಮೇಲೆ ಅವನು ಸಣ್ಣಗೆ ಅತ್ತ. "ಅಳ್ಲಿ, ಯಾರೂ ಸುಮ್ಮ ಮಾಡಬ್ಯಾಡ್ರಿ" ಎಂದು ನರ್ಸಬಾಯಿ ಅವನನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯುದ್ದಕ್ಕೂ ನಡೆದಾಡಿದರು. ಸಂಜೆಗೆ ಅವನು ಹಾಲು ಕುಡಿದ. ಆಗ ಅವರು ನನ್ನ ಕೈ ಹಿಡಿದು ಕಿರುಬೆರಳಿನ ಕಂದುಗಟ್ಟಿದ ಉಗುರು ನೋಡಿದರು.

"ಕೂಸಿಗಿ ಇಷ್ಟು. ನಿನಗೆಷ್ಟು ಬೇ?"

"ನಾ ತಿನ್ನೂದಿಲ್ರಿ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಕೂಸಿಗಾಗಿ ಎರಡು ದಿನ ಇಲ್ಲೇ ಇರಬೇಕೆಂದು ಅತ್ತೆಗೆ ಹೇಳಿದರು. ಮರುದಿನ ಮಧ್ಯಾಹ್ನಕ್ಕೆ ನನಗೆ ಆಕಳಿಕೆಯ ಮೇಲೆ ಆಕಳಿಕೆ, ಮೂಗಿನಲ್ಲಿ ನೀರು, ಎಲುಬಿನೊಳಗೆ ನಡುಕ. ನರ್ಸಬಾಯಿ ಅತ್ತೆಯನ್ನು ಬಿಸಿನೀರಿಗೆಂದು ಆಚೆ ಕಳಿಸಿ ನನ್ನ ಪಕ್ಕದಲ್ಲಿ ಕೂತರು.

"ಹದಿನೇಳು ಸಲ ಆಕಳಿಸೀದಿ. ಎಣಿಸಾಕತ್ತೇನಿ. ಈಗರೆ ಹೇಳು."

ನಾನು ಅತ್ತುಬಿಟ್ಟೆ. ಗೊತ್ತಾದರೆ ಗಂಡ ತವರಿಗೆ ಅಟ್ಟುತ್ತಾನೆ, ಮಗನನ್ನು ಇಟ್ಟುಕೊಳ್ಳುತ್ತಾರೆ ಎಂದೆ.

"ಇದು ಬೀಮಾರಿ ಅದ ಬೇ, ಗುನ್ಹೆ ಅಲ್ಲ. ಗುನ್ಹೆ ಆಗಿದ್ರ ಠಾಣಾಕ್ಕ ಕಳಸ್ತಿದ್ದೆ. ಬೀಮಾರಿಗಿ ಡಾಕ್ಟರ್ ಸಾಹೇಬ್ರು ಅದಾರ. ಎದೀ ಬಡಿಯೂದೂ ಅವ್ರ ಮುಂದ ಹೇಳು, ಏನೂ ಬಚ್ಚಿಡಬ್ಯಾಡ."

ಹೇಳಿದೆ. ಡಾಕ್ಟರು ನಗಲಿಲ್ಲ, ಗದರಲಿಲ್ಲ; ಒಮ್ಮೆಗೇ ಬಿಟ್ಟರೆ ಮೈ ತಾಳದು, ವಾರ ವಾರ ಕಡಿಮೆ ಮಾಡೋಣ ಎಂದರು. ನರ್ಸಬಾಯಿ ನನ್ನ ಒಪ್ಪಿಗೆ ಕೇಳಿಯೇ ಅತ್ತೆಗೆ ತಿಳಿಸಿದರು. ಅತ್ತೆ ಊರಿಗೆ ಮರಳಿದ ಕೂಡಲೇ ಅಫೀಮಿನ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದರು. ಡಾಕ್ಟರು ಅಳೆದು ಅಫೀಮು ಬೆರೆಸಿದ ಔಷಧಿಯ ಬಾಟಲಿ ಅತ್ತೆಯ ಸುಪರ್ದಿಗೆ ಹೋಯಿತು. ಬಾಟಲಿಯ ಬೆನ್ನಿಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕಾಗದ ಅಂಟಿಸಿರುತ್ತಿತ್ತು. ಒಂದು ಹೊತ್ತಿಗೆ ಒಂದು ಮೆಟ್ಟಿಲು. ಪ್ರತಿ ಸಂತೆಯ ದಿನ ಹೊಸ ಔಷಧಿ. ಬೀಳ್ಕೊಡುವಾಗ ನರ್ಸಬಾಯಿಯ ಮಾತು ಒಂದೇ: "ಬಾಟ್ಲಿ ತೊಳದು ತಗೊಂಡು ಬಾ."

ಅಫೀಮು ಇಳಿದಂತೆ ಭಯ ಏರಿತು. ದವಾಖಾನೆಯಲ್ಲೂ ನನ್ನ ಬೆರಳು ಕೂಸಿನ ಮೂಗಿನ ಕೆಳಗೇ. "ಬೆರಳು ತಗಿ" ಎನ್ನುತ್ತಿದ್ದರು ಅವರು. "ಅವನ ಹೊಟ್ಟಿ ನೋಡು. ಅರವತ್ತು ಎಣಸೂತನಕ ನೋಡು. ದಿನಕ್ಕ ಮೂರೇ ಸಲ. ಬಾಕಿ ಹೊತ್ತು ಉಸಿರಾಡೂದು ಅವನ ಕೆಲಸ, ನಿಂದಲ್ಲ."

ನನಗೆ ನಾಲ್ಕಕ್ಷರ ಬರುತ್ತಿದ್ದವು, ಗಡಿಯಾರ ಬರುತ್ತಿರಲಿಲ್ಲ. ಅವರು ಪಿನ್ನು ಬಿಚ್ಚಿ ಅದನ್ನು ನನ್ನ ಅಂಗೈಗಿಟ್ಟು, ಸರಸರ ಓಡುವ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಅರವತ್ತು ಎಣಿಸಬೇಕು ಎಂದರು. ಮೊದಲ ಸಲ ನನ್ನ ಅರವತ್ತು ಮುಗಿದಾಗ ಮುಳ್ಳು ಅರ್ಧ ದಾರಿಗೂ ಬಂದಿರಲಿಲ್ಲ. "ಯಾರು ಬೆನ್ನ ಹತ್ಯಾರ ನಿನಗ?" ಎಂದು ಕೇಳಿದರು. ಪ್ರತಿ ಸಂತೆಗೆ ಔಷಧಿಗಿಂತ ಮೊದಲು ಈ ಪರೀಕ್ಷೆ. ಬಾಟಲಿಯೊಳಗಿನ ಅಫೀಮು ಕಡಿಮೆಯಾಗುತ್ತ ಹೋಯಿತು, ನನ್ನ ಅರವತ್ತು ಉದ್ದವಾಗುತ್ತ ಹೋಯಿತು.

ತೊಗರಿ ರಾಶಿಯ ಕಾಲಕ್ಕೆ ಮತ್ತೆ ಚಟಕ್ಕೆ ಬಿದ್ದೆ. ಮಗನಿಗೆ ಜ್ವರ ಬಂದಿತ್ತು. ನೆರೆಮನೆಯಲ್ಲಿ ಅಫೀಮು ಇಸಿದುಕೊಂಡು ತಿಂದುಬಿಟ್ಟೆ. ನಾಚಿಕೆಯಿಂದ ಎರಡು ಸಂತೆ ಜೇವರ್ಗಿಗೆ ಹೋಗಲಿಲ್ಲ. ಮೂರನೆಯ ವಾರ ಯಾರದೋ ಬಂಡಿಯಲ್ಲಿ ಕೂತು ನರ್ಸಬಾಯಿಯೇ ನಮ್ಮ ಅಂಗಳಕ್ಕೆ ಬಂದಿಳಿದರು. ಕೂಸನ್ನು ನೋಡಿದರು, ಅತ್ತೆಯ ಕೈಯ ರೊಟ್ಟಿ ಉಂಡರು, ನನ್ನ ಕಡೆ ತಿರುಗಲೇ ಇಲ್ಲ. ಹೊರಡುವಾಗ ಬಂಡಿಯ ಹತ್ತಿರ ನಾನೇ ಹೇಳಿದೆ: "ಮತ್ತ ತಿಂದೇನಿರೀ."

"ನನಗ ಗೊತ್ತದ. ಈ ಬೀಮಾರಿನೇ ಹಂಗ, ಹಿಂದ ಹೊಳ್ಳಿ ನೋಡತದ. ಬಾಟ್ಲಿ ತೊಳದೀ?"

ಇಲ್ಲ ಎಂದು ತಲೆಯಾಡಿಸಿದೆ.

"ತೊಳದು ತಗೊಂಡು ಬಾ."

ಅಷ್ಟೇ. ಒಂದು ಮಾತು ಬೈದಿದ್ದರೆ ನಾನು ಮತ್ತೆಂದೂ ಆ ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಮುಂದಿನ ಸಂತೆಗೆ ಹೋದೆ. ಮತ್ತೆ ಮೊದಲಿನ ಅಳತೆಯಿಂದ ಶುರು. ಇನ್ನು ಔಷಧಿ ಬೇಡ ಎಂದು ಡಾಕ್ಟರು ಹೇಳಿದ್ದು ಮುಂದಿನ ಮಳೆಗಾಲದಲ್ಲಿ. ಅಂದು ನರ್ಸಬಾಯಿ ಗಡಿಯಾರವನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ಎಣಿಸಲು ಹೇಳಿದರು. ಅರವತ್ತು ಎಂದಾಗ ಮುಷ್ಟಿ ಬಿಚ್ಚಿ ನೋಡಿ, ಮೊದಲ ಸಲ ನನ್ನ ತಲೆ ಸವರಿದರು.

ಆ ಕೂಸು ಈಗ ಅಜ್ಜ. ಅವನ ಗೊರಕೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಸೊಸೆ ಗೊಣಗುತ್ತಾಳೆ, ನಾನು ಮಾತ್ರ ಅದನ್ನು ಕೇಳುತ್ತ ನರ್ಸಬಾಯಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನನಗೆ ಮಗನನ್ನು ಕೊಟ್ಟವರು ಅವರು, ಮಗನಿಗೆ ತಾಯಿಯನ್ನು ಕೊಟ್ಟವರೂ ಅವರೇ.

ಅವರು ಪೆನ್‌ಷನ್ ಆಗಿ ಆಳಂದಕ್ಕೆ, ತಂಗಿಯ ಮಗಳ ಮನೆಗೆ ಹೋದರು. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಅವರಿಗೆ ದಮ್ಮು ಹೆಚ್ಚಾಗಿದೆ ಎಂಬ ಸುದ್ದಿ ಬಂತು. ಹೋಗಿ ಪಕ್ಕದಲ್ಲಿ ಕೂತೆ. ಎರಡನೆಯ ಮಧ್ಯಾಹ್ನ ಅವರು ಕಣ್ಣು ಮುಚ್ಚಿ ಮಲಗಿದ್ದರು. ನನಗೇ ಅರಿವಿಲ್ಲದೆ ನನ್ನ ಬೆರಳು ಅವರ ಮೂಗಿನ ಕೆಳಗೆ ಹೋಗಿತ್ತು.

"ಬೆರಳು ತಗಿ ಬೇ" ಎಂದರು ಕಣ್ಣು ತೆರೆಯದೆ. "ಇನ್ನಾ ಇದ್ದೇನಿ."

ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬಂತು, ನೀರು ಕುಡಿಸಿದೆ.

ಮರುದಿನ ಮುಂಜಾನೆ ತಂಗಿಯ ಮಗಳು ಗಾಬರಿಯಿಂದ ನನ್ನನ್ನು ಕರೆದಳು. ನಾನು ಬೆರಳಿಡಲಿಲ್ಲ. ಗಡಿಯಾರ ಗೋಡೆಯ ಮೊಳೆಗೆ, ಅಲ್ಲಿಯೂ ತಲೆಕೆಳಗಾಗಿ, ತೂಗುತ್ತಿತ್ತು. ಅದರ ಮುಳ್ಳು ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡು, ಅವರ ಹೊಟ್ಟೆಯ ಮೇಲಿನ ಹೊದಿಕೆಯಲ್ಲಿ ಕಣ್ಣಿಟ್ಟು, ಅವರು ಕಲಿಸಿದ ಹಾಗೆ ಅವಸರವಿಲ್ಲದೆ ಎಣಿಸಿದೆ. ಅರವತ್ತು ಎಂದಾಗ ಕತ್ತೆತ್ತಿದೆ. ಮುಳ್ಳು ಸರಿಯಾಗಿ ಒಂದು ಸುತ್ತು ಮುಗಿಸಿತ್ತು. ಹೊದಿಕೆ ಒಮ್ಮೆಯೂ ಏರಿರಲಿಲ್ಲ.