ದೊಡ್ಡವ್ವ ಮಾಡಿದ ತಪಾಸಣೆ

ಮೊನ್ನೆ ಮೂಡಲಗಿಯ ಹಲ್ಲಿನ ದವಾಖಾನೆಯೊಂದರಲ್ಲಿ ಕುರ್ಚಿಯ ಮೇಲೆ ಅಂಗಾತ ಮಲಗಿದ್ದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆಲ್ಲ ಸೂಜಿ ನೆನಪಾಗಬಹುದು. ನನಗೆ ಕುಲಗೋಡದ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ನೆನಪಾದಳು.

ಸ್ವಚ್ಛತೆಯ ವಿಷಯದಲ್ಲಿ ದೊಡ್ಡವ್ವ ಯಾರನ್ನೂ ನಂಬಿದವಳಲ್ಲ. ಬಾಳೆಹಣ್ಣನ್ನು ಸಿಪ್ಪೆ ಸಮೇತ ತೊಳೆದು, ಸುಲಿದ ಮೇಲೆ ಇನ್ನೊಮ್ಮೆ ತೊಳೆಯುವಳು. ಒಮ್ಮೆ ಬೀಗರು ಊಟಕ್ಕೆ ಕೂತಾಗ ಹೊರಗಿದ್ದ ಅವರ ಚಪ್ಪಲಿಗಳನ್ನೂ ತಿಕ್ಕಿ ತೊಳೆದು ಬಿಸಿಲಿಗಿಟ್ಟಳು. ಪಾಪ, ಅವು ಒಣಗುವ ತನಕ ಕಾಯುತ್ತ ಅವರು ಸಂಜೆಯ ಚಹಾವನ್ನೂ ಅಲ್ಲೇ ಕುಡಿದರು. ಇಂಥವಳು, ನನ್ನ ದವಡೆ ಹಲ್ಲು ನೋಯತೊಡಗಿದಾಗ, ಗೋಕಾಕದ ಹಲ್ಲಿನ ದವಾಖಾನೆಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ನನಗಾಗ ಕನ್ಯೆ ನೋಡುತ್ತಿದ್ದರು. ದೊಡ್ಡವ್ವನ ಬೆನ್ನು ಹಿಡಿದು ದವಾಖಾನೆಗೆ ಹೋಗುವ ಸುಖವನ್ನು ನೀವೇ ಊಹಿಸಿಕೊಳ್ಳಿ.

ಡಾಕ್ಟರು ನಗುಮುಖದ ತರುಣಿ. ನನ್ನ ಬಾಯಿಗೆ ಹತ್ತಿ ತುರುಕಿ ಮುಗಿಸುವಷ್ಟರಲ್ಲಿ ದೊಡ್ಡವ್ವ ಒಳಗೆ ನುಗ್ಗಿದಳು.

“ಬಾಯಾರ, ಅವನ ಬಾಯಿ ಆಮ್ಯಾಲ ನೋಡೀರಂತ. ಮೊದಲ ನಿಮ್ಮ ಕೈ ತೋರಸ್ರಿ.”

ಡಾಕ್ಟರು ಗಾಬರಿಯಾಗಿ ಎರಡೂ ಕೈ ಚಾಚಿದರು. “ಈಗರ ತೊಳಕೊಂಡೇನ್ರಿ ಅಮ್ಮಾರ. ಗ್ಲೌಸೂ ಹೊಸಾವದಾವ್ರಿ.”

“ಈ ಕೊಕ್ಕಿ, ಇಕ್ಕಳಾ? ನಿನ್ನಿ ಯಾರ ಬಾಯಾಗಿದ್ದೂವೋ ಏನೋ!”

“ಅವನ್ನೆಲ್ಲಾ ಈ ಮಷೀನ್ಯಾಗ ಉಗಿ ಮ್ಯಾಲ ಬೇಸ್ತೀವ್ರಿ.”

“ಕುಕ್ಕರಿದ್ದಂಗ?”

“ಹೂನ್ರಿ, ಹಂಗ ತಿಳ್ಕೋರಿ.”

“ಎಷ್ಟ ಸೀಟಿ ಹೊಡಸ್ತೀರಿ?”

“ಇದು ಸೀಟಿ ಹೊಡಿಯಂಗಿಲ್ರಿ.”

“ಸೀಟಿ ಇಲ್ದ ಬೆಂದದ್ದ ಹೆಂಗ ಗೊತ್ತಾಕ್ಕೈತಿ?”

ಸಾಮಾನು ತುಂಬಿ ಮುಚ್ಚಿದ ಪಾಕೀಟಿನ ಮೇಲೊಂದು ಗುರುತಿತ್ತು. ಸರಿಯಾಗಿ ಬೆಂದರೆ ಅದರ ಬಣ್ಣ ಬದಲಾಗುತ್ತದೆಂದು ಡಾಕ್ಟರು ತೋರಿಸಿದರು. ದೊಡ್ಡವ್ವ ಅದನ್ನು ಬೆಳಕಿಗೆ ಹಿಡಿಯಲು ಹೊರಗೊಯ್ದಳು. ತಿರುಗಿ ಬರುವಾಗ, ಬಾಕಿನ ಮೇಲೆ ಕೂತು ಕಾಯುತ್ತಿದ್ದವರೆಲ್ಲ ಆಕೆಯ ಹಿಂದೆಯೇ ಒಳಬಂದು ಮಷೀನಿನ ಸುತ್ತ ನಿಂತರು. ಅಂಕಲಗಿಯ ಕಾಕಾ ಒಬ್ಬರು, “ಇದರಾಗ ಅಲಸಂದಿ ಬೇಯ್ತಾವೇನ್ರಿ?” ಎಂದು ಕೇಳಿದರು. ನನ್ನ ಬಾಯಿ ತೆರೆದೇ ಇತ್ತು. ಅದರ ನೆನಪು ಯಾರಿಗೂ ಇದ್ದಂತಿರಲಿಲ್ಲ.

ಅಂತೂ ನನ್ನ ಹಲ್ಲು ನೆಟ್ಟಗಾಯಿತು. ಆದರೂ ವಾರ ಕಳೆದ ಮೇಲೆ ದೊಡ್ಡವ್ವ, “ನಡೀ ತಮ್ಮಾ, ಇನ್ನೊಮ್ಮಿ ನೋಡಿ ಬರೂಣು” ಎಂದಳು. ಹೋಗಿ ಮತ್ತೆ ಕೈ, ಮತ್ತೆ ಪಾಕೀಟು, ಮತ್ತೆ ಮಷೀನು ನೋಡಿದಳು. ಡಾಕ್ಟರು ಸೈರಣೆಯಿಂದ ಎಲ್ಲ ತೋರಿಸಿ, “ಅಮ್ಮಾರ, ಈಗ ನಾ ಒಂದ ನೋಡ್ಲೇನ್ರಿ? ಆವಾಗಿಂದ ಎಡಗಲ್ಲಕ್ಕ ಸೆರಗ ಹಿಡಕೊಂಡೀರಲ್ಲ?” ಎಂದರು.

ದೊಡ್ಡವ್ವ ಸೆರಗನ್ನು ಇನ್ನಷ್ಟು ಒತ್ತಿ ಹಿಡಿದಳು. ಆಮೇಲೆ ಮೆಲ್ಲಗೆ, “ನಮ್ಮವ್ವನ ಹಲ್ಲ ಸಂತ್ಯಾಗ ಒಬ್ಬಾವ ಕಿತ್ತಿದ್ದರಿ. ಇಕ್ಕಳಾ ಧೋತರಕ್ಕ ಒರಸಿದ, ಬಾಯಾಗ ಹಾಕಿದ. ಮಾರಿ ಬಾತ ಹಾಸಿಗಿ ಹಿಡದಳ್ರಿ. ಬದುಕಿದ್ದ ಪುಣ್ಯೇವು” ಎಂದಳು.

ಇಷ್ಟು ದಿನ ನಡೆದ ತಪಾಸಣೆ ನನ್ನ ಹಲ್ಲಿನ ಸಲುವಾಗಿ ಅಲ್ಲವೆಂದು ನನಗೆ ಆಗ ತಿಳಿಯಿತು. ಡಾಕ್ಟರು ಆಕೆಯ ಎದುರೇ ಮೊಣಕೈವರೆಗೂ ಸೋಪು ಹಚ್ಚಿ ತೊಳೆದರು, ಹೊಸ ಗ್ಲೌಸು ತೊಟ್ಟರು, ಪಾಕೀಟು ಹರಿದರು. ದೊಡ್ಡವ್ವ ಸೆರಗಿನಿಂದ ಕುರ್ಚಿಯನ್ನು ಒರೆಸಿಯೇ ಕೂತಳು. ನನ್ನ ಕೈಯನ್ನು ಹಿಡಿದ ಬಿಗಿಗೆ ಬೆರಳು ಜೋಮು ಹಿಡಿದವು. ವಸಡಿಗೆ ಸೂಜಿ ಕೊಟ್ಟಿದ್ದರಿಂದ ಹಲ್ಲು ಕಿತ್ತು ಬಂದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಡಾಕ್ಟರು ಅದನ್ನು ಬಟ್ಟಲಲ್ಲಿಟ್ಟು ತೋರಿಸಿದಾಗ ದೊಡ್ಡವ್ವ ಮುಖ ಕಿವಿಚಿದಳು.

“ಛೀ, ಎಷ್ಟ ಹೊಲಸೈತಿ! ಯಾರದ್ರೀ ಇದು?”

ಮೊನ್ನೆ ಮೂಡಲಗಿಯ ಡಾಕ್ಟರು ಕೈಯಲ್ಲಿ ಕನ್ನಡಿ ಹಿಡಿದು ನನ್ನ ಮೇಲೆ ಬಾಗಿದರು. ಜಗಳಕ್ಕೆ ಹೆದರುವ ಮನುಷ್ಯ ನಾನು. ಆದರೂ ಎದ್ದು ಕೂತು, “ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಪಾಕೀಟ ನನ್ನ ಮುಂದ ಹರದ್ರ ಚಲೋ ಆಕ್ಕಿತ್ತು” ಎಂದೆ. ಅವರು ಕನ್ನಡಿ ಬದಿಗಿಟ್ಟು ಹೊಸ ಪಾಕೀಟು ತಂದರು. ಬಾಗಿಲಾಚೆ ಬಾಕಿನ ಮೇಲಿದ್ದ ಹೆಣ್ಣುಮಗಳೊಬ್ಬಳು ಕತ್ತು ಉದ್ದ ಮಾಡಿದಳು.

“ಸ್ವಲ್ಪ ತಡೀರಿ ಸಾಹೇಬ್ರ, ಹರೀಬ್ಯಾಡ್ರಿ. ನಾವೂ ನೋಡ್ತೇವಿ.”